ಕಾಲ್ಪನಿಕ ಭಾಗ ಬರೆಯುವಾಗ ಐ ಬಿಟ್ಟುಬಿಡಿ

3 − 4ಐ ಎಂಬ ಸಂಕೀರ್ಣ ಸಂಖ್ಯೆಯ ಕಾಲ್ಪನಿಕ ಭಾಗ ಎಷ್ಟು ಅಂತ ಕೇಳಿದರೆ ತುಂಬಾ ಜನ −4ಐ ಅಂತ ಬರೆಯುತ್ತಾರೆ. ಸರಿ ಉತ್ತರ ಬರೀ −4. ಚಿಕ್ಕ ವಿಷಯ ಅನ್ನಿಸಬಹುದು, ಆದರೆ ಇದೊಂದು ತಲೆಗೆ ಹತ್ತಿದರೆ ಮುಂದಿನ ಅರ್ಧ ಗೊಂದಲ ಹುಟ್ಟುವುದೇ ಇಲ್ಲ.

ಇಲ್ಲಿ ಐ ಅಂದರೆ ಐದಲ್ಲ, ಇಂಗ್ಲಿಷಿನ ಅಕ್ಷರ. ಅದನ್ನು ಅದರಿಂದಲೇ ಗುಣಿಸಿದರೆ −1 ಬರುತ್ತದೆ, ಇಷ್ಟು ನೆನಪಿದ್ದರೆ ಸಾಕು. ಯಾವುದೇ ಸಂಕೀರ್ಣ ಸಂಖ್ಯೆ ನಮಗೆ ಎರಡು ವಿಷಯ ಹೇಳುತ್ತದೆ: ಐ ಇಲ್ಲದ ಪಾಲು ಎಷ್ಟು, ಮತ್ತು ಐ ಎಷ್ಟು ಸಲ ಇದೆ. ಮೊದಲನೆಯದು ವಾಸ್ತವ ಭಾಗ, ಎರಡನೆಯದು ಕಾಲ್ಪನಿಕ ಭಾಗ. ಎಷ್ಟು ಸಲ ಅಂತ ಕೇಳಿದಾಗ ಬರುವ ಉತ್ತರ ಮಾಮೂಲಿ ಸಂಖ್ಯೆಯೇ ಆಗಿರಬೇಕು, ಅಲ್ವಾ? ಹಾಗಾಗಿ ಕಾಲ್ಪನಿಕ ಭಾಗವೂ ಒಂದು ವಾಸ್ತವ ಸಂಖ್ಯೆಯೇ. 7ರ ಕಾಲ್ಪನಿಕ ಭಾಗ 0. ಐನ ವಾಸ್ತವ ಭಾಗ 0, ಕಾಲ್ಪನಿಕ ಭಾಗ 1.

ಗ್ರಾಫ್ ಹಾಳೆ ಇದ್ದರೆ ಈಗಲೇ ತೆಗೆದುಕೊಳ್ಳಿ. 3 + 2ಐ ಅಂದರೆ ಬಲಕ್ಕೆ 3, ಮೇಲಕ್ಕೆ 2. ಇದನ್ನು ಐನಿಂದ ಗುಣಿಸಿ. 3ಐ + 2ಐ², ಅಂದರೆ −2 + 3ಐ. ಎರಡೂ ಚುಕ್ಕೆಗಳನ್ನು ಸೊನ್ನೆಗೆ ಗೆರೆ ಎಳೆದು ಸೇರಿಸಿದರೆ ನಡುವೆ ಸರಿಯಾಗಿ 90 ಡಿಗ್ರಿ ಕಾಣುತ್ತದೆ. ವಾಸ್ತವ ಭಾಗವಾಗಿದ್ದ 3 ಈಗ ಕಾಲ್ಪನಿಕ ಭಾಗದ ಜಾಗದಲ್ಲಿದೆ, 2 ಚಿಹ್ನೆ ಬದಲಿಸಿಕೊಂಡು ವಾಸ್ತವದ ಜಾಗಕ್ಕೆ ಬಂದಿದೆ. ಇದನ್ನು ಕೈಯಾರೆ ಬರೆದು ನೋಡಲೇಬೇಕು. ಐ ಎಂದರೇನು ಅಂತ ಇದಕ್ಕಿಂತ ಚೆನ್ನಾಗಿ ತಿಳಿಸುವ ದಾರಿ ನನಗೆ ಸಿಕ್ಕಿಲ್ಲ.

ಲೆಕ್ಕ ಮಾಡುವಾಗ ಒಂದೇ ನಿಯಮ: ಪೂರ್ತಿ ಬಿಡಿಸುವ ತನಕ ಭಾಗಗಳನ್ನು ಓದಬೇಡಿ. (2 + ಐ)³ ಕೊಟ್ಟಿದ್ದಾರೆ ಅಂದುಕೊಳ್ಳಿ. ವಾಸ್ತವ ಭಾಗ 2³, ಅಂದರೆ 8 ಅಂತ ಸುಮ್ನೆ ಬರೆದರೆ ತಪ್ಪಾಗುತ್ತದೆ. ಮೊದಲು ವರ್ಗ ಮಾಡಿ: 4 + 4ಐ − 1 = 3 + 4ಐ. ಅದನ್ನು ಮತ್ತೆ 2 + ಐನಿಂದ ಗುಣಿಸಿ: 6 + 3ಐ + 8ಐ − 4 = 2 + 11ಐ. ವಾಸ್ತವ ಭಾಗ 2, ಕಾಲ್ಪನಿಕ ಭಾಗ 11. ಐ² ಬಂದಲ್ಲೆಲ್ಲ ಕಾಲ್ಪನಿಕದ ಕಡೆಯ ಪಾಲು ವಾಸ್ತವದ ಕಡೆಗೆ ದಾಟುತ್ತದೆ, ಅದಕ್ಕೇ ಭಾಗಗಳನ್ನು ಬೇರೆಬೇರೆಯಾಗಿ ಗುಣಿಸಲು ಬರುವುದಿಲ್ಲ.

ಈ ಘನವನ್ನೇ ಆರಿಸಿದ್ದಕ್ಕೆ ಕಾರಣವಿದೆ. ಒಂದು ಸಂಖ್ಯೆಯ ಘನ ಅದರ 15 ಪಟ್ಟಿಗೆ 4 ಕೂಡಿಸಿದಷ್ಟಿದೆ, ಆ ಸಂಖ್ಯೆ ಯಾವುದು? 4 ಸರಿಹೋಗುತ್ತದೆ, 64 = 60 + 4. ಆದರೆ ಇಂಥ ಘನ ಸಮೀಕರಣ ಬಿಡಿಸಲು ಇಟಲಿಯ ಗಣಿತಜ್ಞ ಕಾರ್ಡಾನೊ 1545ರಲ್ಲಿ ಪ್ರಕಟಿಸಿದ ಸೂತ್ರ ಹಾಕಿದರೆ 2 + 11ಐ ಮತ್ತು 2 − 11ಐ ಇವುಗಳ ಘನಮೂಲಗಳನ್ನು ಕೂಡಿಸಬೇಕಾಗುತ್ತದೆ. 1572ರಲ್ಲಿ ಇಟಲಿಯವನೇ ಆದ ಬೊಂಬೆಲ್ಲಿ ಆ ಘನಮೂಲಗಳು 2 + ಐ ಮತ್ತು 2 − ಐ ಅಂತ ತೋರಿಸಿದ. ಕೂಡಿಸಿದರೆ ಕಾಲ್ಪನಿಕ ಭಾಗಗಳು ಹೊಡೆದುಹೋಗಿ 4 ಉಳಿಯುತ್ತದೆ! ಕಾಲ್ಪನಿಕ ಎಂಬ ಹೆಸರು ಫ್ರಾನ್ಸಿನ ಗಣಿತಜ್ಞ ಡೆಕಾರ್ಟ್ ಬಳಸಿದ್ದು ಅದಾದ ಮೇಲೆ, 1637ರಲ್ಲಿ. ಆ ಹೆಸರು ನೋಡಿ ಇವು ಸುಳ್ಳು ಸಂಖ್ಯೆಗಳು ಅಂದುಕೊಳ್ಳಬೇಡಿ.

ಭಾಗಾಕಾರ ಬಂದರೆ ಛೇದದಲ್ಲಿರುವ ಐ ತೆಗೆಯಿರಿ. (3 + 2ಐ) / (1 − ಐ) ಇದ್ದರೆ ಮೇಲೆ ಕೆಳಗೆ ಎರಡನ್ನೂ 1 + ಐನಿಂದ ಗುಣಿಸಿ. ಕೆಳಗೆ 2 ಆಗುತ್ತದೆ, ಮೇಲೆ 1 + 5ಐ. ಹಾಗಾಗಿ ವಾಸ್ತವ ಭಾಗ 1/2, ಕಾಲ್ಪನಿಕ ಭಾಗ 5/2.

ಭಾಗಗಳು ಜಾಸ್ತಿ ಉಪಯೋಗಕ್ಕೆ ಬರುವುದು ಸಮೀಕರಣದಲ್ಲಿ. (ಕ್ಷ + ಯ) + (ಕ್ಷ − ಯ)ಐ = 5 + 3ಐ ಎಂಬ ಒಂದೇ ಸಾಲಿನಿಂದ ಎರಡು ಸಮೀಕರಣ ಸಿಗುತ್ತವೆ: ಕ್ಷ + ಯ = 5, ಕ್ಷ − ಯ = 3. ಕ್ಷ 4, ಯ 1. ಆದರೆ ಕ್ಷ ಮತ್ತು ಯ ವಾಸ್ತವ ಸಂಖ್ಯೆಗಳು ಅಂತ ಪ್ರಶ್ನೆಯಲ್ಲಿ ಹೇಳಿದೆಯಾ ಅಂತ ಮೊದಲು ನೋಡಿ. ಹೇಳಿಲ್ಲದಿದ್ದರೆ ಅವುಗಳೊಳಗೇ ಐ ಇರಬಹುದು, ಆಗ ಹೀಗೆ ಬೇರ್ಪಡಿಸುವ ಹಾಗಿಲ್ಲ.