ಪಾಯಿಂಟ್ ಟೂ ಟೂ ರೈಫಲಿಗೆ ಕೈಗೆಟುಕುವ ಸ್ಕೋಪ್

ಸ್ಕೋಪ್, ಅಂದರೆ ಗುರಿ ಹಿಡಿಯಲು ಕೋವಿಯ ಮೇಲೆ ಕೂರಿಸುವ ದುರ್ಬೀನು, ಕೊಳ್ಳಲು ಹೊರಟವರೆಲ್ಲ ಮೊದಲು ಕೇಳುವುದು, ಎಷ್ಟು ಪಟ್ಟು ದೊಡ್ಡದಾಗಿ ಕಾಣುತ್ತದೆ ಎಂದು. ಅಳಿಲು ಬೇಟೆಯ .22 (ನಳಿಗೆಯ ಒಳವ್ಯಾಸ ಸುಮಾರು 0.22 ಇಂಚು) ರೈಫಲಿನ ಮಟ್ಟಿಗೆ ಈ ಪ್ರಶ್ನೆಗೆ ನಾನು ಕೊಡುವುದು ಕೊನೆಯ ಸ್ಥಾನ. ಪ್ಯಾರಲಾಕ್ಸನ್ನು, ಅಂದರೆ ಕಣ್ಣು ಸರಿದಾಗ ಗುರಿಗೆರೆ ಜಾರುವ ದೋಷವನ್ನು, ಎಷ್ಟು ಗಜಕ್ಕೆ ಹೊಂದಿಸಿದ್ದಾರೆ, ಕೋವಿಯ ಬೆನ್ನಿನ ಮೇಲೆ ಸ್ಕೋಪ್ ಎಷ್ಟು ತಗ್ಗಾಗಿ ಕೂರುತ್ತದೆ ಎಂಬ ಎರಡು ವಿಷಯ ತಿಳಿದರೆ ಅರ್ಧ ಆಯ್ಕೆ ಮುಗಿದಂತೆ.

ನಾನು ಶಿಕಾರಿಗೆ ಹೋಗುವುದು ಅಮೆರಿಕದ ಓಹಾಯೊ ರಾಜ್ಯದ ಆಗ್ನೇಯಕ್ಕಿರುವ ವೇಯ್ನ್ ರಾಷ್ಟ್ರೀಯ ಅರಣ್ಯಕ್ಕೆ. ಸೆಪ್ಟೆಂಬರಿನಲ್ಲಿ ಅಳಿಲಿನ ಋತು ತೆರೆಯುವಾಗ ಮರಗಳ ತುಂಬ ಎಲೆ, ಹಿಕರಿ ಮರದ ಕಾಯಿ ಕಡಿಯಲು ಬಂದ ಬೂದು ಅಳಿಲುಗಳು ಆ ಎಲೆಗಳ ಮರೆಯಲ್ಲಿ. ಸಿಗುವ ಈಡುಗಳೆಲ್ಲ ಹೆಚ್ಚುಕಡಿಮೆ ಇಪ್ಪತ್ತರಿಂದ ನಲವತ್ತು ಗಜದ ಒಳಗಿನವು. ಸಕಲೇಶಪುರದ ಕಡೆಯ ನಮ್ಮ ಮನೆಯಲ್ಲಿ ಅಜ್ಜನ ಕೇಪಿನ ಕೋವಿ ಇತ್ತು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಅದಕ್ಕೆ ಗೋಡೆಯ ಮೊಳೆಯೇ ಗತಿಯಾಯಿತು. ಊರಿನವರು ಇದನ್ನು ಓದಿ ತೋಟಕ್ಕೆ ಇಳಿಯುವಂತಿಲ್ಲ ಎಂದು ಮೊದಲೇ ಹೇಳಿಬಿಡುತ್ತೇನೆ. ಇಲ್ಲಿ ಓಹಾಯೊದಲ್ಲಿ ಬೇಟೆಗಾರರ ತರಬೇತಿ ಮುಗಿಸಿ ಪರವಾನಗಿ ಪಡೆದೇ ನಾನು ಕಾಡಿಗೆ ಹೋಗುವುದು.

ರೈಫಲ್ ಹಳೆಯ ಮಾರ್ಲಿನ್ ಮಾಡೆಲ್ 60, ಸೆಕೆಂಡ್ ಹ್ಯಾಂಡ್. ಸ್ಕೋಪನ್ನು ಕೋವಿಗೆ ಹಿಡಿಸುವ ರಿಂಗುಗಳೂ ಸೇರಿ ನೂರೈವತ್ತು ಡಾಲರ್ ದಾಟಬಾರದು ಎಂದು ಗೆರೆ ಹಾಕಿಕೊಂಡಿದ್ದೆ. ಕೋವಿಗಿಂತ ಸ್ಕೋಪಿಗೇ ಹೆಚ್ಚು ಸುರಿಯುವವರಿದ್ದಾರೆ. ದೂರದ ಗುರಿ ಹೊಡೆಯುವವರಿಗೆ ಅದು ಸರಿ, ನನಗೆ ಬೇಕಿರಲಿಲ್ಲ.

ಈಗ ಪ್ಯಾರಲಾಕ್ಸ್. ಗುರಿಯ ಬಿಂಬವೂ ಕ್ರಾಸ್‌ಹೇರೂ (ಗುರಿ ಹಿಡಿಯುವ ಅಡ್ಡ-ಉದ್ದ ಗೆರೆಗಳು) ಸ್ಕೋಪಿನೊಳಗೆ ಒಂದೇ ಸಮತಲದಲ್ಲಿ ಬೀಳುವುದು ತಯಾರಕರು ಹೊಂದಿಸಿದ ದೂರದಲ್ಲಿ ಮಾತ್ರ. ಆ ದೂರ ಬಿಟ್ಟು ಹತ್ತಿರ ಬಂದಂತೆ, ಕಣ್ಣು ನಡುವಿನಿಂದ ಸ್ವಲ್ಪ ಸರಿದರೂ ಕ್ರಾಸ್‌ಹೇರ್ ಗುರಿಯ ಮೇಲೆ ಜಾರುತ್ತದೆ. ಜಿಂಕೆ ಬೇಟೆಯ ಸ್ಕೋಪುಗಳನ್ನು ಸಾಮಾನ್ಯವಾಗಿ ನೂರು ಗಜ ಅಥವಾ ಅದಕ್ಕೂ ಆಚೆಗೆ ಹೊಂದಿಸಿರುತ್ತಾರೆ, .22ಕ್ಕೆಂದೇ ಮಾಡಿದವನ್ನು ಐವತ್ತು ಅಥವಾ ಅರವತ್ತು ಗಜಕ್ಕೆ. ಲೆಕ್ಕ ಸುಲಭ: ಮುಂದಿನ ಗಾಜಿನ ವ್ಯಾಸದ ಅರ್ಧವನ್ನು ತೆಗೆದುಕೊಂಡು, ದೂರದ ವ್ಯತ್ಯಾಸದಿಂದ ಗುಣಿಸಿ, ಹೊಂದಿಸಿದ ದೂರದಿಂದ ಭಾಗಿಸಬೇಕು. 40 ಮಿಲಿಮೀಟರ್ ಗಾಜಿನ, ನೂರು ಗಜದ ಸ್ಕೋಪಿನಲ್ಲಿ ಇಪ್ಪತ್ತೈದು ಗಜದ ಅಳಿಲನ್ನು ನೋಡಿದರೆ ಗರಿಷ್ಠ ತಪ್ಪು 15 ಮಿಲಿಮೀಟರ್. 32 ಮಿಲಿಮೀಟರ್ ಗಾಜಿನ, ಐವತ್ತು ಗಜದ ಸ್ಕೋಪಿನಲ್ಲಿ 8. ಅಳಿಲಿನ ತಲೆಯ ಅಗಲವೇ ಸುಮಾರು ಒಂದೂವರೆ ಇಂಚು. ಹದಿನೈದು ಮಿಲಿಮೀಟರ್ ಸ್ಕೋಪೇ ನುಂಗಿದರೆ ಕೈಯ ನಡುಕಕ್ಕೆ ಉಳಿಯುವುದೇನು?

ಲೆಕ್ಕ ನಂಬದವರು ಕಣ್ಣಾರೆ ನೋಡಬಹುದು. ಗೆಳೆಯರೊಬ್ಬರ ಜಿಂಕೆ ಸ್ಕೋಪನ್ನು ಎರವಲು ತಂದು, ಅಂಗಳದ ಮೇಜಿನ ಮೇಲೆ ಅಕ್ಕಿ ಚೀಲದಲ್ಲಿ ಅಲುಗದಂತೆ ಹುದುಗಿಸಿ, ಇಪ್ಪತ್ತೈದು ಗಜದ ಆಚೆಯ ನಮ್ಮ ಗ್ಯಾರೇಜಿನ ಕೀಲಿರಂಧ್ರಕ್ಕೆ ತಿರುಗಿಸಿದೆ. ಸ್ಕೋಪ್ ಮುಟ್ಟದೆ ತಲೆಯನ್ನಷ್ಟೇ ಎಡಬಲಕ್ಕೆ ಆಡಿಸಿದರೆ ಕ್ರಾಸ್‌ಹೇರ್ ರಂಧ್ರ ಬಿಟ್ಟು ಹಿಡಿಕೆಯ ಅಂಚಿನವರೆಗೆ ಹೋಗಿ ಬರುತ್ತಿತ್ತು. ಆಮೇಲೆ ನಾನು ಕೊಂಡದ್ದನ್ನು ಅದೇ ಚೀಲದಲ್ಲಿಟ್ಟಾಗ ಗೆರೆ ರಂಧ್ರದ ಆಸುಪಾಸಿನಲ್ಲೇ ಸುಳಿಯಿತು. ಮುಂದಿನ ಉಂಗುರ ತಿರುಗಿಸಿ ಪ್ಯಾರಲಾಕ್ಸ್ ಸರಿಪಡಿಸುವ ಸ್ಕೋಪುಗಳೂ ಇವೆ. ಕಾಗದದ ಗುರಿಗೆ ಅವು ಚೆನ್ನ; ಕೊಂಬೆಯಿಂದ ಕೊಂಬೆಗೆ ಹಾರುವ ಪ್ರಾಣಿಯ ಮುಂದೆ ಉಂಗುರ ತಿರುಗಿಸುತ್ತ ಕೂರಲು ನನಗೆ ತಾಳ್ಮೆಯಿಲ್ಲ.

ಎತ್ತರದ ವಿಷಯ ಅಂಗಡಿಯಲ್ಲಿ ಯಾರೂ ಹೇಳುವುದಿಲ್ಲ. ಮಾರ್ಲಿನ್‌ನ ಮರದ ಹಿಡಿ ತಗ್ಗು. 50 ಮಿಲಿಮೀಟರ್ ಗಾಜಿನ ಸ್ಕೋಪನ್ನು ಅದರ ಮೇಲೆ ಕೂರಿಸುವುದು ಮಗುವಿಗೆ ಅಪ್ಪನ ಚಪ್ಪಲಿ ತೊಡಿಸಿದಂತೆ: ಎತ್ತರದ ರಿಂಗು ಬೇಕಾಗುತ್ತದೆ, ಕೆನ್ನೆ ಮರದಿಂದ ಮೇಲೇಳುತ್ತದೆ, ಕೆನ್ನೆ ಎದ್ದರೆ ಕಣ್ಣು ಪ್ರತಿ ಸಲ ಬೇರೆ ಜಾಗಕ್ಕೆ ಬರುತ್ತದೆ, ಆಗ ಮತ್ತೆ ಪ್ಯಾರಲಾಕ್ಸಿನ ಕಾಟ. 32 ಮಿಲಿಮೀಟರಿನದು ತಗ್ಗು ರಿಂಗಿನಲ್ಲೇ ಕೂರುತ್ತದೆ. ರಿಂಗು ಕೊಳ್ಳುವಾಗ ಕೋವಿಯ ಮೇಲೆ ಮೊದಲು ಬೆರಳಾಡಿಸಿ. ಹಳೆಯ .22ಗಳ ಬೆನ್ನಿನಲ್ಲಿ ಇಕ್ಕೆಲಕ್ಕೂ ಉದ್ದಕ್ಕೆ ಕೊರೆದ 3/8 ಇಂಚಿನ ತೋಡುಗಳಿರುತ್ತವೆ. ಅಡ್ಡ ತೋಡುಗಳಿರುವ ಅಗಲ ಪಟ್ಟಿಗೆಂದು ಮಾಡಿದ ವೀವರ್ ರಿಂಗುಗಳು ಅವನ್ನು ಹಿಡಿಯುವುದಿಲ್ಲ.

ನನ್ನ ಆಯ್ಕೆ ವೋರ್ಟೆಕ್ಸ್ ಕಂಪನಿಯ ಕ್ರಾಸ್‌ಫೈರ್ II, 2-7x32 (ಎರಡರಿಂದ ಏಳು ಪಟ್ಟು, 32 ಮಿಲಿಮೀಟರ್ ಗಾಜು), .22ರಂಥವಕ್ಕೆಂದೇ ಮಾಡಿದ ರಿಮ್‌ಫೈರ್ ಮಾದರಿ, ಬಳಸಿದ್ದು. ಅದರ ಖಾತರಿ ಮೊದಲು ಕೊಂಡವರಿಗಷ್ಟೇ ಸೀಮಿತವಲ್ಲ, ರಸೀದಿಯೂ ಬೇಡ. ಆದ್ದರಿಂದ ಹಳೆಯದನ್ನು ಕೊಳ್ಳಲು ಧೈರ್ಯವಾಯಿತು. ಲ್ಯುಪೋಲ್ಡ್ ಕಂಪನಿಯ ಗಾಜು ಇದಕ್ಕಿಂತ ಒಂದು ಕೈ ಮೇಲು ಎಂದು ಈಗಲೂ ಒಪ್ಪುತ್ತೇನೆ, ಬೆಲೆ ಮಾತ್ರ ನನ್ನ ಗೆರೆಯ ಆಚೆಗಿತ್ತು. ಕೊಳ್ಳುವ ಮೊದಲು ಅಂಗಡಿಗಳಲ್ಲಿ ಹಲವನ್ನು ನೋಡುವಾಗ ಬೆಳಕಿನ ಕಡೆಗೆ ಹಿಡಿಯಲಿಲ್ಲ, ಅಲ್ಲಿ ಅಗ್ಗದ ಗಾಜೂ ಫಳಫಳ ಎನ್ನುತ್ತದೆ. ಮೂಲೆಯ ಕಪಾಟಿನ ಕೆಳಗಿನ ಕತ್ತಲಲ್ಲಿ ಬೆಲೆಚೀಟಿ ಓದಲು ಬರುತ್ತದೆಯೇ ಎಂದು ನೋಡಿದೆ. ಗಾಜಿನ ವ್ಯಾಸವನ್ನು ಪಟ್ಟಿನಿಂದ ಭಾಗಿಸಿದರೆ ಕಣ್ಣಿಗೆ ಬರುವ ಬೆಳಕಿನ ಕಂಬದ ಅಗಲ ಸಿಗುತ್ತದೆ: ನಾಲ್ಕು ಪಟ್ಟಿನಲ್ಲಿ 32 ಭಾಗಿಸು 4, ಎಂಟು ಮಿಲಿಮೀಟರ್. ಮಬ್ಬಿನಲ್ಲೂ ನಮ್ಮ ಪಾಪೆ ಅಷ್ಟು ಹಿಗ್ಗದು. ಹಾಗಾಗಿ ಕಾಡಿನಲ್ಲಿ ನಡೆಯುವಾಗ ನಾಲ್ಕರಲ್ಲೇ ಇಡುತ್ತೇನೆ. ಏಳರಲ್ಲಿ ಅಳಿಲಿಗಿಂತ ನನ್ನ ನಾಡಿಬಡಿತವೇ ಚೆನ್ನಾಗಿ ಕಾಣುತ್ತದೆ.

ಸ್ಪ್ರಿಂಗ್ ಏರ್‌ಗನ್ ಇಟ್ಟುಕೊಂಡವರಿಗೆ ಇದೆಲ್ಲ ಹಾಗೆಯೇ ಅನ್ವಯಿಸದು. ಅದು ಹಿಂದಕ್ಕೂ ಮುಂದಕ್ಕೂ ಒದೆಯುವುದರಿಂದ, .22ರ ಮೇಲೆ ಸುಖವಾಗಿರುವ ಸ್ಕೋಪ್ ಅಲ್ಲಿ ಒಳಗೇ ಸಡಿಲವಾಗಬಹುದು. ಏರ್‌ಗನ್ನಿಗೆಂದೇ ಮಾಡಿದ್ದನ್ನು ಕೊಳ್ಳಿ.

ಕೂರಿಸಿದ ಮೇಲೆ, ಕ್ರಾಸ್‌ಹೇರ್ ಇದ್ದಲ್ಲೇ ಗುಂಡು ಬೀಳುವಂತೆ ಐವತ್ತು ಗಜಕ್ಕೆ ಗುರಿ ಕಟ್ಟಿದೆ. ಸ್ಕೋಪಿನ ಗುಂಡಿ ತಿರುಗಿಸಿದಾಗ ಬರುವ, ಕಾಲು ಮಿನಿಟಿನ (ಕೋನದ ಅಳತೆ, ಒಂದು ಡಿಗ್ರಿಯ ಅರವತ್ತನೇ ಒಂದು ಭಾಗ) ಒಂದು ಕ್ಲಿಕ್ ಅಲ್ಲಿ ಗುಂಡನ್ನು ಒಂದು ಇಂಚಿನ ಎಂಟನೇ ಒಂದು ಭಾಗ ಸರಿಸುತ್ತದೆ. ಇಪ್ಪತ್ತು ಕ್ಲಿಕ್ ಬಲಕ್ಕೆ, ಇಪ್ಪತ್ತು ಮೇಲಕ್ಕೆ, ಮತ್ತೆ ಎಡಕ್ಕೆ, ಕೆಳಕ್ಕೆ ತಿರುಗಿಸುತ್ತ ಹೊಡೆದರೆ ಕಾಗದದ ಮೇಲೆ ಎರಡೂವರೆ ಇಂಚಿನ ಚೌಕ ಮೂಡಿ, ಕೊನೆಯ ಗುಂಡು ಮೊದಲಿನದರ ಪಕ್ಕಕ್ಕೇ ಬರಬೇಕು. ಬರದಿದ್ದರೆ ಅಂಥ ಸ್ಕೋಪ್ ಎಷ್ಟೇ ಅಗ್ಗವಾದರೂ ಹಿಂದಿರುಗಿಸಿ. ನನ್ನದು ಬಂತು. ಐವತ್ತಕ್ಕೆ ಕಟ್ಟಿದ 40 ಗ್ರೇನ್ ತೂಕದ ಸಾಮಾನ್ಯ ಗುಂಡು ಇಪ್ಪತ್ತೈದರಲ್ಲಿ ಬಹುತೇಕ ಗೆರೆಯ ಮೇಲೆಯೇ ಇರುತ್ತದೆ, ನೂರು ಗಜಕ್ಕೆ ಆರು ಇಂಚಿನಷ್ಟು ಕುಸಿಯುತ್ತದೆ. ಹತ್ತು ಗಜದಲ್ಲಿ ಅಳಿಲು ಸಿಕ್ಕರೆ ತುಸು ಮೇಲೆ ಹಿಡಿಯಬೇಕು, ಏಕೆಂದರೆ ಸ್ಕೋಪ್ ನಳಿಗೆಗಿಂತ ಒಂದೂವರೆ ಇಂಚು ಎತ್ತರದಲ್ಲಿದೆ. ತಪ್ಪಿದ .22 ಗುಂಡು ಒಂದು ಮೈಲಿಗೂ ಆಚೆ ಹೋಗಬಲ್ಲದು. ಹಿಂದೆ ದಪ್ಪ ಕಾಂಡ ಇಲ್ಲದ ಅಳಿಲಿಗೆ ನಾನು ಟ್ರಿಗರ್ ಒತ್ತುವುದಿಲ್ಲ. ತೋಟೆಯ ಕಂಪನಿ ಬದಲಿಸಿದಾಗಲೆಲ್ಲ ಮತ್ತೊಮ್ಮೆ ಕಾಗದಕ್ಕೆ ಹೊಡೆದು ನೋಡುತ್ತೇನೆ, ಒಂದೇ ತೂಕದ ಗುಂಡಾದರೂ ಬೀಳುವ ಜಾಗ ಬೇರೆಯಾಗುತ್ತದೆ.