ಭವನದ ಬೀಗದಕೈ ಯಾರ ಹತ್ತಿರ ಇರಬೇಕು?

ಹಳ್ಳಿಯ ಹುಡುಗ ಹುಡುಗಿಯರ ಜೊತೆ ಕಾರ್ಯಕ್ರಮ ಮಾಡುವವಳು ನಾನು. ಮೊದಲ ಸಲ ಕಟ್ಟಿದ ಯುವ ಸಮಿತಿ ಆರು ತಿಂಗಳೂ ಬಾಳಲಿಲ್ಲ. 11 ಜನರನ್ನು ಆರಿಸಿದ್ದೆವು. ಆರಿಸಿದ್ದು ಅಂದರೆ, ಶಾಲೆಯವರು ಒಂದು ಪಟ್ಟಿ ಕೊಟ್ಟರು, ಊರ ಹಿರಿಯರು ಅದಕ್ಕೆ ಎರಡು ಹೆಸರು ಸೇರಿಸಿದರು, ನಾನು ತಲೆಯಾಡಿಸಿದೆ. ತರಗತಿಗೆ ಮೊದಲು ಬರುವವರು, ವೇದಿಕೆ ಮೇಲೆ ತಡವರಿಸದೆ ಮಾತಾಡುವವರು, ಯಾರದೋ ಮಗ, ಯಾರದೋ ಸೊಸೆಯ ತಂಗಿ. ಫೋಟೊ ಮಾತ್ರ ಚೆನ್ನಾಗಿ ಬಂತು.

ಎರಡನೇ ಸಭೆಗೆ ಹೋಗುವಾಗ ವಿಷಯಪಟ್ಟಿ ನನ್ನ ಚೀಲದಲ್ಲೇ ಇತ್ತು: ಸ್ವಚ್ಛತಾ ಕಾರ್ಯಕ್ರಮ, ಜಾಗೃತಿ ಜಾಥಾ, ಕ್ರೀಡಾಕೂಟ. ನಾನು ಓದಿ ಮುಗಿಸಿದ ಮೇಲೆ ಬಾಗಿಲ ಹತ್ತಿರ ಕೂತಿದ್ದ ಹುಡುಗನೊಬ್ಬ ಕೇಳಿದ: "ಅಕ್ಕಾ, ಇದೆಲ್ಲ ಬೇಡ ಅಂದ್ರೆ ಏನಾಗುತ್ತೆ?"

ತಲೆಹರಟೆ ಅಂತ ಎಲ್ಲರೂ ನಕ್ಕರು. ನಾನೂ ನಕ್ಕೆ. ಆದರೆ ಪ್ರಶ್ನೆ ಮನೆಯವರೆಗೂ ನನ್ನ ಜೊತೆ ಬಂತು. ನಿಜವಾಗಿ ಏನೂ ಆಗುತ್ತಿರಲಿಲ್ಲ. ಜಾಥಾ ನಡೆದೇ ನಡೆಯುತ್ತಿತ್ತು, ಬ್ಯಾನರ್ ಆಗಲೇ ಪ್ರಿಂಟಾಗಿತ್ತು.

ರೋಜರ್ ಹಾರ್ಟ್ ಎನ್ನುವವರು 1992ರಲ್ಲಿ ಯುನಿಸೆಫ್‌ಗಾಗಿ ಬರೆದ ಪ್ರಬಂಧವೊಂದರಲ್ಲಿ ಮಕ್ಕಳ ಪಾಲ್ಗೊಳ್ಳುವಿಕೆಗೆ 8 ಮೆಟ್ಟಿಲಿನ ಏಣಿ ಹಾಕಿದ್ದಾರೆ. ತರಬೇತಿಗಳಲ್ಲಿ ಅದರ ಚಿತ್ರವನ್ನು ಎಷ್ಟೋ ಸಲ ನೋಡಿದ್ದೆ, ನೋಡಿ ಪುಟ ತಿರುಗಿಸಿದ್ದೆ. ಕೆಳಗಿನ ಮೂರು ಮೆಟ್ಟಿಲು ಅಂದರೆ ಮಕ್ಕಳನ್ನು ನಮ್ಮ ಕೆಲಸಕ್ಕೆ ಬಳಸಿಕೊಳ್ಳುವುದು, ಅಲಂಕಾರಕ್ಕೆ ನಿಲ್ಲಿಸುವುದು, ಹೆಸರಿಗೆ ಕೂರಿಸುವುದು. ಇವು ಮೂರೂ ಪಾಲ್ಗೊಳ್ಳುವಿಕೆಯೇ ಅಲ್ಲ ಅಂತ ಹಾರ್ಟ್ ಹೇಳುತ್ತಾರೆ. ನನ್ನ ಸಮಿತಿ ಎರಡನೇ ಮೆಟ್ಟಿಲಲ್ಲಿ ಒಂದು ಕಾಲು, ಮೂರನೆಯದರಲ್ಲಿ ಇನ್ನೊಂದು ಕಾಲು ಇಟ್ಟು ನಿಂತಿತ್ತು. ಅಂದ ಹಾಗೆ, ಆ ಏಣಿಯ ತುದಿಯಲ್ಲಿ ಇರುವುದು "ಎಲ್ಲವನ್ನೂ ಮಕ್ಕಳೇ ಮಾಡಿಕೊಳ್ಳಲಿ" ಅನ್ನುವುದಲ್ಲ. ಮಕ್ಕಳು ಶುರು ಮಾಡಿ, ದೊಡ್ಡವರ ಜೊತೆ ಸೇರಿ ತೀರ್ಮಾನಿಸುವುದು. ಇದು ಗೊತ್ತಿಲ್ಲದವರು ಒಂದು ದಿನ ಎಲ್ಲವನ್ನೂ ಹುಡುಗರ ತಲೆಗೆ ಕಟ್ಟಿ, ಮರುದಿನ "ನೋಡಿದಿರಾ, ಆಗಲಿಲ್ಲ" ಅಂತ ವಾಪಸ್ ಕಿತ್ತುಕೊಳ್ಳುತ್ತಾರೆ.

ಸಮಿತಿಯನ್ನು ಮುಚ್ಚಿದೆ. ಮೂರು ತಿಂಗಳು ಯಾವ ಸಭೆಯನ್ನೂ ಕರೆಯಲಿಲ್ಲ. ಸಂಜೆ ಹುಡುಗರು ಕೂರುವ ಕಟ್ಟೆ, ಬಸ್ ನಿಲ್ದಾಣ, ಮೈದಾನದ ಅಂಚು, ಹೀಗೆ ಅವರು ಇರುವ ಕಡೆ ನಾನೇ ಹೋದೆ. ಹುಡುಗಿಯರು ಅಲ್ಲೆಲ್ಲೂ ಕಾಣಲಿಲ್ಲ. ಅವರನ್ನು ಹುಡುಕಿಕೊಂಡು ಮನೆಗಳಿಗೇ ಹೋಗಬೇಕಾಯಿತು. ಕೊಯ್ಲಿನ ಸಮಯದಲ್ಲಿ ಯಾರೂ ಸಿಗಲಿಲ್ಲ, ಆ ಹದಿನೈದು ದಿನ ನಾನೂ ಸುಮ್ಮನಿದ್ದೆ. ವರದಿ ಬರೆಯುವಾಗ ಈ ಮೂರು ತಿಂಗಳನ್ನು ಯಾವ ಕಾಲಂಗೆ ಹಾಕುವುದು ಅಂತ ತಿಳಿಯದೆ ಒದ್ದಾಡಿದ್ದು ಬೇರೆ ಕಥೆ.

ಕೇಳಿದರೆ "ಎಲ್ಲಾ ಸರಿಯಾಗಿದೆ ಅಕ್ಕಾ" ಅನ್ನುವ ಉತ್ತರವೇ ಬರುತ್ತಿತ್ತು. ಆಗ ನೆನಪಾದದ್ದು ಕ್ಯಾರೊಲಿನ್ ವಾಂಗ್ ಮತ್ತು ಮೇರಿ ಆ್ಯನ್ ಬರಿಸ್ ಎಂಬಿಬ್ಬರು 1990ರ ದಶಕದಲ್ಲಿ ಚೀನಾದ ಯುನ್ನಾನ್ ಪ್ರಾಂತ್ಯದಲ್ಲಿ ಮಾಡಿದ ಕೆಲಸ. ಹಳ್ಳಿಯ ಹೆಂಗಸರ ಕೈಗೆ ಕ್ಯಾಮೆರಾ ಕೊಟ್ಟು, ತಮ್ಮ ಬದುಕನ್ನು ತಾವೇ ತೆಗೆದು ತೋರಿಸಿ ಅಂದಿದ್ದರು. ಇದಕ್ಕೆ ಫೋಟೊವಾಯ್ಸ್ ಅನ್ನುತ್ತಾರೆ. ನಮ್ಮಲ್ಲಿ ಕ್ಯಾಮೆರಾ ಕೊಳ್ಳುವ ಗೊಡವೆಯೇ ಇರಲಿಲ್ಲ, ಮೊಬೈಲ್ ಇತ್ತು. ಮೊಬೈಲ್ ಇಲ್ಲದವರು ಇದ್ದವರ ಜೊತೆ ಜೋಡಿಯಾದರು. ನಾನು ಹೇಳಿದ್ದು ಇಷ್ಟೇ: ಒಂದು ವಾರ ಟೈಮ್, ಐದು ಫೋಟೊ, "ಇಲ್ಲಿ ಇರೋಕೆ ನನಗೆ ಹಿತ, ಇಲ್ಲಿ ಹಿಂಸೆ." ಇನ್ನೊಬ್ಬರ ಮುಖ ಬಂದರೆ ಅವರನ್ನು ಕೇಳಿಯೇ ತೋರಿಸಬೇಕು.

ಗಲೀಜು ಚರಂಡಿಯ ಫೋಟೊಗಳು ಬರುತ್ತವೆ ಅಂದುಕೊಂಡಿದ್ದೆ. ಒಂದೂ ಬರಲಿಲ್ಲ. ಬಂದದ್ದು ಬೀಗ ಹಾಕಿದ ಸಮುದಾಯ ಭವನದ ಬಾಗಿಲು, ಅದೂ ನಾಲ್ಕು ಜನರಿಂದ ನಾಲ್ಕು ಕೋನದಲ್ಲಿ. ದೀಪವಿಲ್ಲದ ಬಸ್ ನಿಲ್ದಾಣ. ರಾತ್ರಿ ಎರಡು ಗಂಟೆ ತೋರಿಸುತ್ತಿದ್ದ ಮೊಬೈಲ್ ಪರದೆ. ಇನ್ನೊಂದರಲ್ಲಿ ಕಿಟಕಿಯ ಸರಳುಗಳು, ಆಚೆ ಮಸುಕಾಗಿ ಒಂದು ಚೂರು ರಸ್ತೆ. ತೆಗೆದವಳಿಗೆ 15 ವರ್ಷ. "ಇದೇನಮ್ಮಾ?" ಅಂದೆ. "ಸಂಜೆ ಆರು ಗಂಟೆ ಮೇಲೆ ನನ್ನ ಊರು ಇಷ್ಟೇ ಅಕ್ಕಾ" ಅಂದಳು.

ಇವನ್ನು ಹಿರಿಯರಿಗೆ ತೋರಿಸಬೇಕಿತ್ತು. ಹಿಂದೆ ಮಾಡಿದ ತಪ್ಪು ಇಲ್ಲಿಯೂ ಆಗುವುದರಲ್ಲಿತ್ತು: ಮಕ್ಕಳು ತೋರಿಸುತ್ತಾರೆ, ದೊಡ್ಡವರು ಚಪ್ಪಾಳೆ ತಟ್ಟುತ್ತಾರೆ, ಮುಗಿಯಿತು. ಮಕ್ಕಳಿಗೆ ತಮ್ಮ ಮಾತು ಹೇಳುವ ಹಕ್ಕನ್ನೂ, ಆ ಮಾತಿಗೆ ತಕ್ಕ ತೂಕ ಸಿಗಬೇಕೆಂಬುದನ್ನೂ ವಿಶ್ವಸಂಸ್ಥೆಯ 1989ರ ಮಕ್ಕಳ ಹಕ್ಕುಗಳ ಒಡಂಬಡಿಕೆಯ 12ನೇ ವಿಧಿ ಹೇಳುತ್ತದೆ. ಈ ವಿಧಿ ನಿಜವಾಗಿ ಜಾರಿಯಾಗಲು ಜಾಗ, ದನಿ, ಕೇಳುವವರು, ಪರಿಣಾಮ ಎಂಬ ನಾಲ್ಕೂ ಬೇಕು ಅಂತ ಮಕ್ಕಳ ಹಕ್ಕುಗಳ ವಿದ್ವಾಂಸೆ ಲಾರಾ ಲುಂಡಿ 2007ರಲ್ಲಿ ಬಿಡಿಸಿ ತೋರಿಸಿದ್ದಾರೆ. ನಾವು ಕಾರ್ಯಕ್ರಮ ಮಾಡುವವರು ಮೊದಲ ಎರಡನ್ನು ಚೆನ್ನಾಗಿ ಮಾಡುತ್ತೇವೆ. ಕೇಳುವವರನ್ನು ತಯಾರು ಮಾಡುವ ಗೋಜಿಗೇ ಹೋಗುವುದಿಲ್ಲ.

ಹಾಗಾಗಿ ಈ ಸಲ ತರಬೇತಿ ಕೊಟ್ಟಿದ್ದು ಹಿರಿಯರಿಗೆ. ಎರಡು ಸಂಜೆ ಕೂತು ಮೂರು ಕರಾರು ಮಾಡಿಕೊಂಡೆವು. ಫೋಟೊ ನೋಡುವಾಗ ಪ್ರಶ್ನೆ ಕೇಳಬಹುದು, ಉಪದೇಶ ಮಾಡುವಂತಿಲ್ಲ. "ನಮ್ಮ ಕಾಲದಲ್ಲಿ" ಅಂತ ಮಾತು ಶುರು ಮಾಡುವಂತಿಲ್ಲ. ಹುಡುಗರು ಕೇಳಿದ ಪ್ರತಿಯೊಂದಕ್ಕೂ ಎರಡು ವಾರದೊಳಗೆ ಬರಹದಲ್ಲಿ ಉತ್ತರ ಕೊಡಬೇಕು: ಆಗುತ್ತದೆ, ಆಗುವುದಿಲ್ಲ, ಆಗದಿದ್ದರೆ ಏಕೆ. ಎರಡನೇ ಕರಾರನ್ನು ಒಬ್ಬರು ಹತ್ತು ನಿಮಿಷದಲ್ಲೇ ಮುರಿದರು. ಪಕ್ಕದವರು ಮೊಣಕೈಯಿಂದ ತಿವಿದರು.

ಬರಹದಲ್ಲಿ ಬಂದ ಐದು ಉತ್ತರಗಳಲ್ಲಿ ಮೂರು "ಆಗುವುದಿಲ್ಲ." ಹುಡುಗರು ಮುನಿಸಿಕೊಳ್ಳುತ್ತಾರೆ ಅಂತ ಹೆದರಿದ್ದೆ. ಹಾಗಾಗಲಿಲ್ಲ. ಕಾರಣ ಬರೆದು, ಸಹಿ ಹಾಕಿದ "ಇಲ್ಲ" ಅವರ ಕೈಗೆ ಅದುವರೆಗೂ ಬಂದಿರಲಿಲ್ಲ. ಆ ಹಾಳೆಯನ್ನು ಅವರು ಪ್ಲಾಸ್ಟಿಕ್ ಹೊದಿಸಿ ಇಟ್ಟುಕೊಂಡಿದ್ದಾರೆ. "ಆಗುತ್ತದೆ" ಅಂದ ಎರಡರಲ್ಲಿ ಒಂದು ನಿಲ್ದಾಣದ ದೀಪ, ಇನ್ನೊಂದು ಭವನದ ಬೀಗದಕೈಯನ್ನು ಹುಡುಗರ ಕೈಗೇ ಕೊಡುವುದು.

ಬೀಗದಕೈ ಮೊದಲ ತಿಂಗಳಲ್ಲಿ ಎರಡು ಸಲ ಕಳೆಯಿತು. ಎರಡನೇ ಸಲ ಒಂದು ದಿನ ಪೂರ್ತಿ ಹುಡುಕಿ, ಕೊನೆಗೆ ಒಗೆಯಲು ಹಾಕಿದ್ದ ಪ್ಯಾಂಟಿನ ಜೇಬಿನಲ್ಲಿ ಸಿಕ್ಕಿತು. "ಹೇಳಿರಲಿಲ್ವಾ ಮೇಡಂ" ಅನ್ನುವ ಮುಖ ಹೊತ್ತು ಇಬ್ಬರು ಹಿರಿಯರು ನನ್ನ ಎದುರು ನಿಂತಿದ್ದರು. ಇನ್ನೊಂದು ನಕಲು ಮಾಡಿಸಿ ನನ್ನ ಹತ್ತಿರ ಇಟ್ಟುಕೊಳ್ಳೋಣ ಅಂತ ನಾಲಿಗೆ ತುದಿಗೆ ಬಂದಿತ್ತು, ನುಂಗಿಕೊಂಡೆ. ಮರುದಿನ ನೋಡಿದರೆ ಕೀಲಿಗೆ ಗೇಣುದ್ದದ ಮರದ ತುಂಡೊಂದು ಕಟ್ಟಿಕೊಂಡಿತ್ತು, ಅದಕ್ಕೆ ಕಿತ್ತಳೆ ಬಣ್ಣ ಬೇರೆ. ಯಾವ ಜೇಬಿಗೂ ಹೋಗುವ ಹಾಗಿಲ್ಲ. ಅದನ್ನು ಹಿಡಿದುಕೊಂಡು ಬೀದಿಯಲ್ಲಿ ಹೋದರೆ ಇವತ್ತು ಪಾಳಿ ಯಾರದು ಅಂತ ಊರಿಗೆಲ್ಲ ಗೊತ್ತಾಗುತ್ತದೆ. ಇಷ್ಟು ಒಳ್ಳೆಯ ಉಪಾಯ ನನಗಂತೂ ಹೊಳೆಯುತ್ತಿರಲಿಲ್ಲ.

ಮುಚ್ಚಿದ ಸಮಿತಿಯ ಜಾಗಕ್ಕೆ ಬಂದ ಹೊಸ ಗುಂಪಿನ ಆಯ್ಕೆಯಲ್ಲಿ ಅರ್ಧ ಸ್ಥಾನಗಳಿಗೆ ಚೀಟಿ ಎತ್ತುತ್ತೇವೆ. ಇದಕ್ಕಾಗಿ ನಾನು ಜಗಳವಾಡಿದ್ದೇನೆ. ಚುನಾವಣೆ ಇಟ್ಟರೆ ಮಾತುಗಾರರು ಗೆಲ್ಲುತ್ತಾರೆ, ಶಿಫಾರಸು ಕೇಳಿದರೆ ವಿಧೇಯರು ಬರುತ್ತಾರೆ. ಚೀಟಿಯಲ್ಲಿ ಬಂದ ಹುಡುಗಿಯೊಬ್ಬಳು ನಾಲ್ಕು ಸಭೆಯಲ್ಲಿ ತುಟಿ ಬಿಚ್ಚಲಿಲ್ಲ. ಐದನೇ ಸಭೆಯಲ್ಲಿ ಲೆಕ್ಕದ ಪುಸ್ತಕ ಎಳೆದುಕೊಂಡು, ಕೂಡಿದ್ದು ಎಲ್ಲಿ ತಪ್ಪಿದೆ ಅಂತ ಬೆರಳಿಟ್ಟು ತೋರಿಸಿದಳು. ಅವತ್ತಿನಿಂದ ಹಣ ಅವಳ ಕೈಯಲ್ಲಿದೆ. ಸಣ್ಣ ಮೊತ್ತವೇ ಆದರೂ ಖರ್ಚು ಮಾಡುವ ಅಧಿಕಾರ ಪೂರ್ತಿ ಅವರದೇ. ಒಮ್ಮೆ ದಂಡ ಖರ್ಚೂ ಮಾಡಿದ್ದಾರೆ. ದೊಡ್ಡ ಸ್ಪೀಕರ್ ತಂದರು, ಭವನದಲ್ಲಿ ಹಾಕಿದರೆ ಮಾತು ಒಂದಕ್ಷರ ಅರ್ಥವಾಗದ ಹಾಗೆ ಗುಂಯ್‌ಗುಡುತ್ತದೆ. ಈಗ ಅದರ ಮೇಲೆ ಕೂರುತ್ತಾರೆ.

ಇನ್ನು ಮನಸ್ಸಿನ ಆರೋಗ್ಯದ ವಿಚಾರ. ಇಲ್ಲಿ ನಾನು ಮಾಡಿದ ತಪ್ಪು ಸ್ಪೀಕರ್‌ನಷ್ಟು ಸಣ್ಣದಲ್ಲ.

ಮಾನಸಿಕ ತೊಂದರೆಗಳಲ್ಲಿ ಸುಮಾರು ಅರ್ಧದಷ್ಟು 18 ವರ್ಷಕ್ಕೆ ಮೊದಲೇ ಶುರುವಾಗುತ್ತವೆ. ಹಳ್ಳಿಯಲ್ಲಿ ಅದಕ್ಕೆ ಇನ್ನೊಂದು ತೊಡಕು ಸೇರುತ್ತದೆ, ಎಲ್ಲರಿಗೂ ಎಲ್ಲರೂ ಗೊತ್ತು. ಆರೋಗ್ಯ ಕೇಂದ್ರದಲ್ಲಿ ಹೆಸರು ಬರೆದುಕೊಳ್ಳುವವರು ಯಾರಿಗೋ ಚಿಕ್ಕಮ್ಮ. ಒಮ್ಮೆ ತಜ್ಞರೊಬ್ಬರನ್ನು ಕರೆಸಿ ಉಪನ್ಯಾಸ ಇಟ್ಟೆವು. ಒಳ್ಳೆಯ ಉಪನ್ಯಾಸವೇ, ಕೊನೆಯಲ್ಲಿ ಒಂದೇ ಒಂದು ಪ್ರಶ್ನೆಯೂ ಬರಲಿಲ್ಲ. ಆಮೇಲೆ ಕುರ್ಚಿ ಮಡಚಿ ಗೋಡೆಗೆ ಒರಗಿಸುತ್ತಿರುವಾಗ ಇಬ್ಬರು ಹುಡುಗರು, ಬೇರೆ ಬೇರೆಯಾಗಿ, ನನ್ನ ಪಕ್ಕದಲ್ಲೇ ಕುರ್ಚಿ ಮಡಚುತ್ತಾ ಮುಖ ನೋಡದೆ ಮಾತಾಡಿದರು. ಒಬ್ಬನಿಗೆ ತಿಂಗಳಿಂದ ನಿದ್ದೆ ಇರಲಿಲ್ಲ. ಅಂದಿನಿಂದ ನಾನು ಎದುರುಬದುರು ಕುರ್ಚಿ ಹಾಕಿ ಮಾತಾಡಿಸುವುದನ್ನು ಬಿಟ್ಟಿದ್ದೇನೆ. ಕೈಗೆ ಏನಾದರೂ ಕೆಲಸ ಇರಬೇಕು, ಕಣ್ಣು ಬೇರೆ ಕಡೆ ಇರಬೇಕು.

ಗೆಳೆಯರ ಮಾತು ಕೇಳಿಸಿಕೊಳ್ಳುವುದಕ್ಕೆ ಗುಂಪಿನ ಆರು ಜನ ತಾವಾಗಿ ಮುಂದೆ ಬಂದರು. ನಾನು ಹಿಗ್ಗಿ, ಅರ್ಧ ದಿನದ ತರಬೇತಿ ಕೊಟ್ಟು ಬಿಟ್ಟೆ. ಚೆನ್ನಾಗಿ ಕೇಳಿಸಿಕೊಳ್ಳುವುದನ್ನು ಕಲಿಸಿದೆ, ಕೇಳಿದ್ದನ್ನು ಎಲ್ಲಿ ಇಳಿಸಬೇಕು ಅನ್ನುವುದನ್ನು ಕಲಿಸಲಿಲ್ಲ. ಕೆಲವು ವಾರಗಳಲ್ಲಿ ಅವರಲ್ಲೊಬ್ಬಳು, 16ರ ಹುಡುಗಿ, ಮಂಕಾದಳು. ಊಟ ಬಿಟ್ಟಿದ್ದಾಳೆ ಅಂತ ಅವಳ ತಾಯಿ ನನ್ನನ್ನು ಕರೆದರು. ಗೆಳತಿಯೊಬ್ಬಳು "ನನಗೆ ಬದುಕೋದು ಬೇಡ ಅನ್ನಿಸ್ತಿದೆ, ಯಾರಿಗೂ ಹೇಳಬೇಡ" ಅಂತ ಆಣೆ ಮಾಡಿಸಿಕೊಂಡಿದ್ದಳಂತೆ. ಒಂಬತ್ತು ದಿನ ಈ ಮಗು ಅದನ್ನು ಒಬ್ಬಳೇ ಹೊತ್ತುಕೊಂಡು, ರಾತ್ರಿಯೆಲ್ಲ ಎದ್ದು ಮೆಸೇಜ್ ಕಳಿಸಿ, ಉತ್ತರ ಬಂತಾ ಅಂತ ನೋಡುತ್ತಾ ಕೂತಿದ್ದಳು. ಆ ಸಂಜೆಯೇ ಗೆಳತಿಯ ಮನೆಯವರ ಜೊತೆ ಮಾತಾಡಿದೆವು, ಮರುದಿನ ವೈದ್ಯರ ಬಳಿ ಕರೆದೊಯ್ದರು. ಇಬ್ಬರೂ ಈಗ ಚೆನ್ನಾಗಿದ್ದಾರೆ. ತಪ್ಪು ಮಾತ್ರ ನನ್ನದೇ.

ಅಲ್ಲಿಗೆ ಕೇಳುವ ಗುಂಪಿನ ಕೆಲಸ ನಿಲ್ಲಿಸಿ, ಮೊದಲಿನಿಂದ ಶುರು ಮಾಡಿದೆವು. ಆಸ್ಟ್ರೇಲಿಯಾದಲ್ಲಿ ಬೆಟ್ಟಿ ಕಿಚನರ್ ಮತ್ತು ಆಂಟನಿ ಜಾರ್ಮ್ 2000ದಲ್ಲಿ ಶುರು ಮಾಡಿದ ಮಾನಸಿಕ ಪ್ರಥಮ ಚಿಕಿತ್ಸೆಯ ತರಬೇತಿಯಿಂದ ನಾನು ಎತ್ತಿಕೊಂಡಿದ್ದು ಒಂದು ಮುಖ್ಯ ಮಾತು. ಮೂಳೆ ಮುರಿದಾಗ ಪಕ್ಕದಲ್ಲಿದ್ದವರು ಮೂಳೆ ಕೂಡಿಸುವುದಿಲ್ಲ, ಕೂಡಿಸುವವರ ಹತ್ತಿರ ತಲುಪಿಸುತ್ತಾರೆ. ಇಲ್ಲಿಯೂ ಅಷ್ಟೇ. ಸಾಯುವ ಯೋಚನೆ ಬರುತ್ತಿದೆಯಾ ಅಂತ ನೇರವಾಗಿ ಕೇಳಿದರೆ ಆ ಯೋಚನೆ ತಲೆಗೆ ಹೊಗುತ್ತದೆ ಅನ್ನುವುದು ಸುಳ್ಳು ಹೆದರಿಕೆ, ಕೇಳಿದರೆ ಎದೆ ಹಗುರಾಗುವುದೇ ಹೆಚ್ಚು. ಇದನ್ನು ದೊಡ್ಡವರಿಗೆ ಒಪ್ಪಿಸಲು ಹೆಚ್ಚು ದಿನ ಬೇಕಾಯಿತು.

ಆಣೆ ಹಾಕುವುದರ ಬದಲು ಹೇಳಬೇಕಾದ ಮಾತನ್ನು ಆ ಆರು ಜನರೇ ಕೂತು ಬರೆದರು. ನಾನು ಬರೆದ ಕರಡು "ಸರ್ಕಾರಿ ನೋಟಿಸ್ ಥರ ಇದೆ" ಅಂತ ಪಕ್ಕಕ್ಕಿಟ್ಟರು. ಅವರದು ಹೀಗಿದೆ: "ನೀನು ಹೇಳಿದ್ದನ್ನ ಊರಿಗೆ ಹೇಳಲ್ಲ. ನಿನ್ನ ಜೀವಕ್ಕೆ ಭಯ ಅನ್ನಿಸಿದ್ರೆ ಮಾತ್ರ ಒಬ್ಬ ದೊಡ್ಡವರಿಗೆ ಹೇಳ್ತೀನಿ. ಹೇಳೋವಾಗ ನಿನ್ನ ಜೊತೇಲೇ ಇರ್ತೀನಿ." ಅಂಥ ದೊಡ್ಡವರು ಮೂವರು ಇದ್ದಾರೆ, ಮೂವರಲ್ಲಿ ಒಬ್ಬರು ಬೇಕೆಂದೇ ಬೇರೆ ಊರಿನವರು. ಕೇಳುವವರು ಒಬ್ಬೊಬ್ಬರೇ ಇರುವುದಿಲ್ಲ, ಜೋಡಿ. ರಾತ್ರಿ ಹತ್ತರ ಮೇಲೆ ಅವರಿಗೆ ಈ ಕೆಲಸ ಇಲ್ಲ, ಆ ಹೊತ್ತಿಗೆ ಸಹಾಯವಾಣಿಯ ಸಂಖ್ಯೆ ಇದೆ, ಅದನ್ನು ಶೌಚಾಲಯದ ಬಾಗಿಲ ಒಳಬದಿಗೆ ಅಂಟಿಸಿದ್ದೇವೆ. ಸೂಚನಾ ಫಲಕದ ಎದುರು ನಿಂತು ಆ ನಂಬರ್ ಬರೆದುಕೊಳ್ಳುವ ಧೈರ್ಯ ಸಣ್ಣ ಊರಿನಲ್ಲಿ ಯಾರಿಗಿದೆ?

ಇನ್ನೊಂದು ದೂರು ಈಗಲೂ ಕೇಳುತ್ತೇನೆ. "ಹುಡುಗರಿಗೆ ಮಾತು ಕಲಿಸಿದಿರಿ, ಕಲಿತ ಮೇಲೆ ಊರು ಬಿಟ್ಟರು." ನಿಜ. ಓದಿಗೆ, ಕೆಲಸಕ್ಕೆ ಅಂತ 18, 19ಕ್ಕೆ ಹೊರಡುತ್ತಾರೆ. ಮೊದಲ ವರ್ಷ ಮೂವರು ಒಟ್ಟಿಗೆ ಹೋದಾಗ ಗುಂಪೇ ಕುಸಿದು ಕೂತಿತು. ಈಗ ಪ್ರತಿ ಜವಾಬ್ದಾರಿಗೂ ಗುಂಪಿನ ಇಬ್ಬರು, ವಯಸ್ಸಿನಲ್ಲಿ ಒಬ್ಬರು ದೊಡ್ಡವರು, ಒಬ್ಬರು ಚಿಕ್ಕವರು. ಆರು ತಿಂಗಳಿಗೆ ಬದಲಾಗುತ್ತದೆ. ಹೋಗುವವರು ಹೋಗಲಿ ಅಂತ ಮೊದಲೇ ಲೆಕ್ಕ ಹಾಕಿಕೊಂಡಿದ್ದೇವೆ. ಉಳಿಯುವುದೇ ನಾಯಕತ್ವ, ಹೋಗುವುದು ದ್ರೋಹ ಅನ್ನುವ ಹಾಗೆ ಮಾತಾಡಿದರೆ, ಹೊರಡುವ ಯೋಚನೆ ಇರುವವರು ಮೊದಲೇ ದೂರ ಸರಿಯುತ್ತಾರೆ.

ಕೆಲಸ ನಡೆಯುತ್ತಿದೆಯಾ ಅಂತ ತಿಳಿಯಲು ಹಾಜರಿ ಪುಸ್ತಕ ಸಾಲದು. ತಿಂಗಳಿಗೊಮ್ಮೆ ಮೂರು ಪ್ರಶ್ನೆ ಕೇಳಿಕೊಳ್ಳುತ್ತೇನೆ. ಹೋದ ತಿಂಗಳು ಬಂದು ಈ ತಿಂಗಳು ಬಾರದವರು ಯಾರು? ಹುಡುಗರು ಹೇಳಿದ್ದರಿಂದ ದೊಡ್ಡವರ ಯಾವ ತೀರ್ಮಾನ ಬದಲಾಯಿತು? ಇವತ್ತು ರಾತ್ರಿ ಕಷ್ಟ ಬಂದರೆ ಯಾರ ಹತ್ತಿರ ಹೋಗುತ್ತೀಯ ಅಂದಾಗ ತಕ್ಷಣ ಒಂದು ಹೆಸರು ಬರುತ್ತದಾ? ಎರಡನೇ ಪ್ರಶ್ನೆಗೆ ಎಷ್ಟೋ ತಿಂಗಳು ಉತ್ತರವೇ ಇರುವುದಿಲ್ಲ.

ಪಾಳಿ ಮುಗಿಸಿ ಹೋಗುವವರು ಕಿತ್ತಳೆ ಬಣ್ಣದ ಆ ಮರದ ತುಂಡಿನ ಮೇಲೆ ತಮ್ಮ ಹೆಸರಿನ ಮೊದಲ ಅಕ್ಷರ ಕೊರೆಯುತ್ತಾರೆ. ಯಾರು ಶುರು ಮಾಡಿದರೋ ಗೊತ್ತಿಲ್ಲ. ಈಗ ಏಳು ಜೋಡಿ ಅಕ್ಷರ ತುಂಬಿ, ಎಂಟನೆಯದಕ್ಕೆ ಜಾಗವಿಲ್ಲ. ಹೊಸ ತುಂಡು ತಂದು ಹಳೆಯದನ್ನು ಗೋಡೆಗೆ ತೂಗುಹಾಕಿ ಅಂತ ನಾನು ಸಲಹೆ ಕೊಟ್ಟೆ. ಹಿಂಬದಿಯಲ್ಲಿ ಕೊರೆಯೋಣ ಅನ್ನುವವರು ಇನ್ನೊಂದು ಗುಂಪು. ಮುಂದಿನ ಸಭೆಯ ವಿಷಯಪಟ್ಟಿಯಲ್ಲಿ ಅದು ಎರಡನೆಯದು. ಆ ಸಭೆಗೆ ನನ್ನನ್ನು ಕರೆದಿಲ್ಲ.