ಐದಡಿ ಒಂದಿಂಚು, ಹದಿನಾಲ್ಕು ಕೋಟಿ: ಮೊದಲ ಭೇಟಿಯ ಲೆಕ್ಕ

ಹಣಕಾಸಿನ ವೃತ್ತಿಯಲ್ಲಿ ಎತ್ತರ, ಮೈಕಟ್ಟು ಲೆಕ್ಕಕ್ಕೆ ಬರುತ್ತದೆಯೇ ಎಂದರೆ, ಬರುತ್ತದೆ. ಆದರೆ ಮೊದಲ ಭೇಟಿಯ ಮೊದಲ ಹತ್ತು ನಿಮಿಷಕ್ಕೆ ಮಾತ್ರ. ಎದುರಿನವರಿಗೆ ನಮ್ಮನ್ನು ಅಳೆಯಲು ಆಗ ಬೇರೆ ಯಾವ ಅಳತೆಗೋಲೂ ಇರುವುದಿಲ್ಲ. ಆ ಹತ್ತು ನಿಮಿಷವನ್ನು ಸರಿಯಾಗಿ ಕಟ್ಟಿಕೊಂಡರೆ ಐದಡಿ ಒಂದಿಂಚಿನವನೂ ಶಿರಸಿ, ಸಿದ್ದಾಪುರ, ಯಲ್ಲಾಪುರದ ಅಡಿಕೆ ತೋಟಿಗರ ಹಣ ನಿಭಾಯಿಸಬಹುದು. ನಾನು ಮ್ಯೂಚುವಲ್ ಫಂಡ್ ವಿತರಕ. ನನ್ನ ಎಆರ್‌ಎನ್ (ವಿತರಕರ ನೋಂದಣಿ ಸಂಖ್ಯೆ) ಕೆಳಗೆ ಈಗ ಗಿರಾಕಿಗಳ ಸುಮಾರು ಹದಿನಾಲ್ಕು ಕೋಟಿ ಇದೆ. ಟ್ರೈಲ್, ಅಂದರೆ ಹಣ ಫಂಡಿನಲ್ಲಿ ಉಳಿದಷ್ಟು ಕಾಲ ಸಿಗುವ ಕಮಿಷನ್, ಸರಾಸರಿ ಶೇ. 0.8 ಅಂದುಕೊಂಡರೆ ವರ್ಷಕ್ಕೆ ಸುಮಾರು ಹನ್ನೊಂದು ಲಕ್ಷ. 'ನಿಂಗೆ ಯಾರು ದುಡ್ಡು ಕೊಡ್ತ ಮಾರಾಯಾ' ಎಂದು ಕೇಳಿದ್ದವರಲ್ಲಿ ಇಬ್ಬರ ಎಸ್‌ಐಪಿ (ತಿಂಗಳ ಕಂತಿನ ಹೂಡಿಕೆ) ಈಗ ನನ್ನಲ್ಲೇ ಇದೆ.

ಎತ್ತರದ ಅಧ್ಯಯನಗಳಲ್ಲಿ ಹೆಚ್ಚು ಹೆಸರಾದದ್ದು ಸಂಶೋಧಕರಾದ ಜಡ್ಜ್ ಮತ್ತು ಕೇಬಲ್ ಅವರು 2004ರಲ್ಲಿ ಪ್ರಕಟಿಸಿದ್ದು. ಎತ್ತರದ ಒಂದು ಇಂಚಿಗೆ ಗಳಿಕೆಯಲ್ಲಿ ವರ್ಷಕ್ಕೆ ಸುಮಾರು 789 ಡಾಲರ್ ವ್ಯತ್ಯಾಸ ಎಂಬುದು ಅವರ ಲೆಕ್ಕ. ಅದು ಅಮೆರಿಕ, ಬ್ರಿಟನ್ನಿನ ನೌಕರರದ್ದು. 2018ರಲ್ಲಿ ಷೇರುಪೇಟೆ ನಿಯಂತ್ರಕ ಸೆಬಿ ನಮ್ಮನ್ನು ಪೂರ್ತಿ ಟ್ರೈಲ್ ಪದ್ಧತಿಗೆ ತಂದ ಮೇಲೆ ನಮ್ಮ ಗಳಿಕೆ ನಿಂತಿರುವುದು ಗಿರಾಕಿ ಎಷ್ಟು ವರ್ಷ ಉಳಿಯುತ್ತಾರೆ ಎಂಬುದರ ಮೇಲೆ. ಉಳಿಯುವುದಕ್ಕೆ ಎತ್ತರ ಬೇಕಿಲ್ಲ, ಒಳಗೆ ಕಾಲಿಡುವುದಕ್ಕೆ ಬೇಕು.

ಮೊದಲು ದುಡ್ಡು ಹಾಳಾದ ದಾರಿಗಳನ್ನು ಹೇಳುತ್ತೇನೆ. ಎತ್ತರದ ಬೂಟು ಸುಮಾರು ಮೂರು ಸಾವಿರ. ನಮ್ಮ ಕಡೆ ಮನೆಯ ಮೆಟ್ಟಿಲ ಕೆಳಗೇ ಚಪ್ಪಲಿ ಬಿಡಬೇಕು. ಅಂಗಳದಲ್ಲಿ ಐದಡಿ ಮೂರೂವರೆ ಇಂಚು ಇದ್ದವನು ಜಗುಲಿಗೆ ಬರುವಷ್ಟರಲ್ಲಿ ಐದಡಿ ಒಂದಿಂಚಾಗುತ್ತಾನೆ, ಅದು ಮನೆಯವರ ಕಣ್ಣೆದುರೇ. ಇದು ಮೊದಲಿನಿಂದ ಗಿಡ್ಡ ಕಾಣುವುದಕ್ಕಿಂತ ಕೆಟ್ಟದ್ದು. ಬೂಟಿನ ಅಳತೆಗೆ ಹೊಲಿಸಿದ ಪ್ಯಾಂಟು ಬರಿಗಾಲಲ್ಲಿ ನೆಲ ಗುಡಿಸುತ್ತದೆ. ಒಳಗೆ ಹಾಕುವ ಹಿಮ್ಮಡಿ ಪ್ಯಾಡು ಮುನ್ನೂರು ರೂಪಾಯಿಗೇ ಸಿಗುತ್ತದೆ. ಒಂದಿಂಚಿನದು ಹಾಕಿದರೆ ಹಿಮ್ಮಡಿ ಬೂಟಿನಿಂದ ಮೇಲೆ ಜಾರುತ್ತದೆ, ಮಳೆಗಾಲದಲ್ಲಿ ಪಾಚಿಗಟ್ಟಿದ ಚಿರೆಕಲ್ಲಿನ ಮೆಟ್ಟಿಲ ಮೇಲೆ ಕಾಲು ಉಳುಕುತ್ತದೆ. ಅದು ಉಪಯೋಗಕ್ಕೆ ಬಂದದ್ದು ಮಲ್ಲಾಪುರದ ಕೈಗಾ ಕಾಲೊನಿಯಲ್ಲಿ, ಬೂಟು ಬಿಡದೆ ಕಚೇರಿಯಲ್ಲೇ ಭೇಟಿಯಾಗುವಾಗ ಮಾತ್ರ. ಅಲ್ಲೂ ಅರ್ಧ ಇಂಚು ಸಾಕು.

ಬ್ಲೇಜರಿಗೆ ನಾಲ್ಕೂವರೆ ಸಾವಿರ ಹೋಯಿತು. ಕಾರವಾರ, ಅಂಕೋಲೆಯ ಸೆಖೆಗೆ ಅರ್ಧ ತಾಸಿನಲ್ಲಿ ಕುತ್ತಿಗೆ ಒದ್ದೆ. ಘಟ್ಟದ ಮೇಲೆ ಬೇರೆ ತೊಂದರೆ: ಬ್ಲೇಜರ್ ಹಾಕಿ ಹಳ್ಳಿಗೆ ಬಂದವರೆಂದರೆ ತಿಂಗಳ ಟಾರ್ಗೆಟ್ ಹಿಡಿದು ಬಂದ ಪಾಲಿಸಿಯವರು ಎಂದೇ ಜನ ತಿಳಿಯುವುದು. ಮಾತು ಶುರುವಾಗುವ ಮೊದಲೇ ಬಾಗಿಲು ಅರ್ಧ ಮುಚ್ಚಿರುತ್ತದೆ.

ಕೆಲಸಕ್ಕೆ ಬಂದದ್ದು ಹೊಲಿಸಿದ ಬಟ್ಟೆ. ರೆಡಿಮೇಡ್ 38ರ ಅಂಗಿಯಲ್ಲಿ ತೋಳು ಉದ್ದ, ಭುಜದ ಹೊಲಿಗೆ ಇಳಿಜಾರು, ಕೆಳಗಿನ ಅಂಚು ತೊಡೆಯವರೆಗೆ. ಹೊರಬಿಟ್ಟರೆ ಕಾಲು ಅರ್ಧ ಮಾಯ. ದೊಡ್ಡ ಪನ್ನಾದ (ಅಗಲದ) ಬಟ್ಟೆ ನನ್ನಂಥವರಿಗೆ ಅಂಗಿಗೆ ಒಂದೂವರೆ ಮೀಟರು, ಪ್ಯಾಂಟಿಗೆ ಒಂದೂಕಾಲು ಸಾಕು. ಟೇಲರಿಗೆ ಹೇಳಬೇಕಾದ್ದು: ಭುಜದ ಹೊಲಿಗೆ ಎಲುಬಿನ ಮೇಲೇ ಕೂರಲಿ, ಕಫ್ ಮಣಿಕಟ್ಟಿಗೆ ನಿಲ್ಲಲಿ, ಪ್ಯಾಂಟಿಗೆ ನೆರಿಗೆ ಬೇಡ, ಕೆಳಗೆ ಹೊರಮಡಿಕೆ ಬೇಡ, ಬಾಟಮ್ 14 ಇಂಚು. ಉದ್ದವನ್ನು ಬರಿಗಾಲಲ್ಲೇ ಅಳೆಯಿಸಿ, ಪಾದದ ಗಂಟಿನ ಕೆಳಗೆ ಒಂದಿಂಚಿಗೆ ನಿಲ್ಲಿಸಿ. ಅಂಗಿಗೂ ಪ್ಯಾಂಟಿಗೂ ಬಣ್ಣದ ಅಂತರ ಕಡಿಮೆ ಇರಲಿ. ಬಿಳಿ ಅಂಗಿ, ಕರಿ ಪ್ಯಾಂಟು ಹಾಕಿದರೆ ಮೈ ಸೊಂಟದಲ್ಲಿ ಎರಡು ತುಂಡಾದಂತೆ ಕಾಣುತ್ತದೆ. ಬೆಲ್ಟು ಸಪೂರ, ಪ್ಯಾಂಟಿನದೇ ಬಣ್ಣ. ಒಂದು ಜೊತೆಗೆ ಬಟ್ಟೆ, ಮಜೂರಿ ಸೇರಿ ಎರಡು ಸಾವಿರದ ಆಸುಪಾಸು. ಮೂರು ಜೊತೆ ಇದ್ದರೆ ವರ್ಷ ಸಾಗುತ್ತದೆ.

ಬಟ್ಟೆಗಿಂತ ದೊಡ್ಡದು ದೂರ. ನನಗೂ ಐದಡಿ ಒಂಬತ್ತಿಂಚಿನವರಿಗೂ ಎಂಟು ಇಂಚು ವ್ಯತ್ಯಾಸ. ಎರಡಡಿ ದೂರದಲ್ಲಿ ನಿಂತರೆ ಅವರು ಸುಮಾರು ಹದಿನೆಂಟು ಡಿಗ್ರಿ ಕೆಳಗೆ ನೋಡಬೇಕು, ನಾನು ಕತ್ತೆತ್ತಬೇಕು. ಆರಡಿ ದೂರದಲ್ಲಿ ಅದೇ ಕೋನ ಆರು ಡಿಗ್ರಿಗೆ ಇಳಿಯುತ್ತದೆ, ಕತ್ತೆತ್ತುವ ಕೆಲಸವೇ ಇಲ್ಲ. ಕೈಕುಲುಕಲು ಹೋದರೆ ಎರಡಡಿಗೆ ಬರಲೇಬೇಕು. ಅದಕ್ಕೇ ನಾನು ಕೈಕುಲುಕುವುದಿಲ್ಲ. ಮೆಟ್ಟಿಲ ಹತ್ತಿರವೇ ನಿಂತು ಎರಡೂ ಕೈ ಜೋಡಿಸಿ ನಮಸ್ಕಾರ. ನಮ್ಮಲ್ಲಿ ಅದೇ ಮರ್ಯಾದೆ, ದೂರವೂ ತಾನಾಗಿ ಸಿಗುತ್ತದೆ.

ಆಮೇಲೆ ಕೂರುವುದು. ನಿಂತಾಗಿನ ಎತ್ತರದ ಅರ್ಧಕ್ಕಿಂತ ತುಸು ಹೆಚ್ಚು ಭಾಗ ಮಾತ್ರ ಕೂತಾಗ ಉಳಿಯುತ್ತದೆ, ಎಂಟು ಇಂಚಿನ ವ್ಯತ್ಯಾಸ ನಾಲ್ಕಕ್ಕೆ ಇಳಿಯುತ್ತದೆ. ಜಗುಲಿಯ ಚಾಪೆಯೋ ಕಂಬಳಿಯೋ ಸಿಕ್ಕರೆ ಅದೇ ಉತ್ತಮ. ಸೋಫಾ ತೋರಿಸಿದರೆ ಅಂಚಿಗೇ ಕೂರಿ. ಒಳಗೆ ಹೂತರೆ ಎದ್ದು ಕಾಗದ ತೋರಿಸಲೂ ಆಗದು. 'ಹೆಗಡೇರೆ, ಇಲ್ಲೇ ಬೆಳಕು ಚಲೋ ಇದ್ದು' ಎಂದರೆ ಜಗುಲಿಯಲ್ಲೇ ಮಾತು ಸಾಗುತ್ತದೆ. ಎದುರಾ ಬದುರು ಬೇಡ, ಎಲ್ ಆಕಾರದಲ್ಲಿ ಪಕ್ಕಕ್ಕೆ ಕೂತು ಕಾಗದ ಇಬ್ಬರ ನಡುವೆ ಇಡಬೇಕು. ಕಣ್ಣು ಕಾಗದದ ಮೇಲಿದ್ದಾಗ ಎತ್ತರ ನೆನಪಾಗುವುದಿಲ್ಲ. ಅಕ್ಷರ 16 ಪಾಯಿಂಟಿಗಿಂತ ಸಣ್ಣದು ಬೇಡ. ಕಾಗದಗಳನ್ನು ಯಾವ ಕ್ರಮದಲ್ಲಿ ಬಿಚ್ಚುತ್ತೇನೆ ಎಂಬುದನ್ನು ಇಲ್ಲಿ ಬರೆಯುವುದಿಲ್ಲ, ಅದು ನನ್ನ ಅನ್ನ.

ಕಚೇರಿಯಲ್ಲಿ ಟೇಬಲ್ 30 ಇಂಚು, ಗಿರಾಕಿಯ ಕುರ್ಚಿ 18. ನನ್ನ ಗ್ಯಾಸ್ ಕುರ್ಚಿಯನ್ನು 21ಕ್ಕೆ ಏರಿಸಿದ್ದೇನೆ. ಹಾಗೆ ಏರಿಸಿ ಬಿಟ್ಟರೆ ಕಾಲು ನೇತಾಡುತ್ತದೆ, ಮೈ ಮುಂದೆ ಜಾರುತ್ತದೆ, ಬೆನ್ನು ಬಾಗಿ ಗಳಿಸಿದ ಮೂರಿಂಚೂ ಹೋಗುತ್ತದೆ. ಅದಕ್ಕೆ ಕಾಲಡಿ ನಾಲ್ಕಿಂಚಿನ ಹಲಸಿನ ಹಲಗೆ, ಟೇಬಲ್ಲಿನ ಮುಂಭಾಗಕ್ಕೆ ಹೊರಗಿನವರಿಗೆ ಕಾಣದಂತೆ ಪ್ಲೈವುಡ್ ಮುಚ್ಚಿಗೆ. ಬಡಗಿಗೆ ಕೊಟ್ಟದ್ದು ಸಾವಿರದೈನೂರು ಇರಬಹುದು. ಗಿರಾಕಿಗಿಂತ ಮೇಲೆ ಕೂರಲು ಹೋಗಬೇಡಿ. ಕಣ್ಣು ಸಮಕ್ಕೆ ಬಂದರೆ ಸಾಕು, ಮೇಲೆ ಹೋದರೆ ಹಿರಿಯರಿಗೆ ಹಿಡಿಸುವುದಿಲ್ಲ. ಕಿಟಕಿ ನಮ್ಮ ಬೆನ್ನಿಗೆ ಇರಬಾರದು, ಮುಖ ಕಪ್ಪಾಗಿ ಕಾಣುತ್ತದೆ.

ಮಧ್ಯೆ ಫೋಟೋದ ಪ್ರಯೋಗವೂ ನಡೆಯಿತು. ಎತ್ತರದವರು ನಿಂತು ಮೊಬೈಲಿನಲ್ಲಿ ತೆಗೆದರೆ ತಲೆ ದೊಡ್ಡದು, ಕಾಲು ಗಿಡ್ಡ. ಲೆನ್ಸು ನಮ್ಮ ಎದೆಯ ಮಟ್ಟಕ್ಕೆ, ಎಂಟಡಿ ದೂರ, ಎರಡು ಪಟ್ಟು ಜೂಮ್, ಸೊಂಟದವರೆಗೆ ಕತ್ತರಿ. ಕಾರ್ಡಿಗೆ ಇದನ್ನು ಹಾಕಿದ ಮೇಲೆ ಫೋನು ಹೆಚ್ಚು ಬಂದವು ಎಂದೇನೂ ಅನಿಸಲಿಲ್ಲ. ಆದರೆ ಬೆಂಗಳೂರಿನಲ್ಲಿರುವ ತೋಟಿಗರ ಮಕ್ಕಳಿಗೆ ವಾಟ್ಸಾಪಿನಲ್ಲಿ ಮೊದಲು ತಲುಪುವುದು ಆ ಮುಖವೇ. ತೋಟಿಗರ ಮನೆಯ ಹೂಡಿಕೆಗೆ ಕೊನೆಯ ಒಪ್ಪಿಗೆ ಅನೇಕ ಸಲ ಆ ಮಗನದೋ ಮಗಳದೋ. ಅಪ್ಪನ ಭೇಟಿಗೆ ಮೊದಲು ಅವರ ಜೊತೆ ವಿಡಿಯೋ ಕರೆ ಮಾಡುತ್ತೇನೆ. ಲ್ಯಾಪ್‌ಟಾಪಿನ ಕೆಳಗೆ ದಪ್ಪ ಪುಸ್ತಕ ಇಟ್ಟು ಕ್ಯಾಮೆರಾ ಕಣ್ಣಿನ ಮಟ್ಟಕ್ಕೆ ತಂದರೆ ಅಲ್ಲಿ ಎಲ್ಲರ ಎತ್ತರವೂ ಒಂದೇ.

ಮೊದಲು ಹತ್ತು ಮನೆಗೆ ಹೋದರೆ ಎರಡೋ ಮೂರೋ ಕಡೆ ಕೆವೈಸಿವರೆಗೆ ಬರುತ್ತಿತ್ತು, ಈಗ ಐದಾರು. ಇದರಲ್ಲಿ ಸಮಯದ ಪಾಲೂ ಇದೆ. ಅಡಿಕೆಗೆ ಕೊಳೆರೋಗದ ಔಷಧಿ ಹೊಡೆಯುವ ದಿನ, ಕೊನೆ (ಅಡಿಕೆ ಗೊನೆ) ಕೊಯ್ಲಿನ ದಿನ ಯಾರೂ ಮಾತಿಗೆ ಸಿಗುವುದಿಲ್ಲ. ಚಾಲಿ (ಒಣಗಿಸಿ ಸುಲಿದ ಅಡಿಕೆ) ಮಾರಿ ದುಡ್ಡು ಖಾತೆಗೆ ಬಂದ ವಾರ ಹೋಗಬೇಕು.

ಬ್ಯಾಂಕ್ ಪರೀಕ್ಷೆಗೆ ಓದುತ್ತಿರುವ ನಮ್ಮ ಕಡೆಯ ಹುಡುಗರು ಎತ್ತರಕ್ಕೆ ತಲೆ ಕೆಡಿಸಿಕೊಳ್ಳಬೇಕಿಲ್ಲ. ಐಬಿಪಿಎಸ್ ಕ್ಲರ್ಕಿಗೆ ಸಂದರ್ಶನವೇ ಇಲ್ಲ, ಪಿಒಗೆ (ಪ್ರೊಬೇಷನರಿ ಆಫೀಸರ್) ಮುಖ್ಯ ಪರೀಕ್ಷೆಗೆ ಶೇ. 80, ಸಂದರ್ಶನಕ್ಕೆ ಶೇ. 20 ತೂಕ. ಖಾಸಗಿ ಬ್ಯಾಂಕಿನ ಸೇಲ್ಸ್ ಕೆಲಸಕ್ಕೆ ಹೋಗುವವರಿಗೆ ಮಾತ್ರ ಮೇಲಿನ ಟೇಲರ್ ಲೆಕ್ಕ ನೇರವಾಗಿ ಉಪಯೋಗ.

ಇಷ್ಟಾದರೂ ಒಂದು ಕಡೆ ನನಗೆ ದಾರಿ ಸಿಕ್ಕಿಲ್ಲ. ಫಂಡ್ ಕಂಪನಿಗಳು ಹುಬ್ಬಳ್ಳಿಯಲ್ಲಿ ನಡೆಸುವ ವಿತರಕರ ಸಭೆಗಳಲ್ಲಿ ಚಹಾ ಕಪ್ಪು ಹಿಡಿದು ಎಲ್ಲರೂ ಗುಂಪಾಗಿ ನಿಲ್ಲುತ್ತಾರೆ, ಮಾತು ತಲೆಯ ಮೇಲಿಂದ ಹೋಗುತ್ತದೆ. ದೂರ ನಿಂತರೆ ಗುಂಪಿನಿಂದಲೇ ಹೊರಗೆ. ಸದ್ಯಕ್ಕೆ ಬೇಗ ಹೋಗಿ ಮುಂದಿನ ಸಾಲಿನ ತುದಿಯ ಕುರ್ಚಿ ಹಿಡಿದು, ಮಾತಾಡಬೇಕಾದವರನ್ನು ಪಕ್ಕಕ್ಕೆ ಕೂರಿಸಿಕೊಳ್ಳುತ್ತಿದ್ದೇನೆ. ಇದಕ್ಕಿಂತ ಒಳ್ಳೆಯ ಉಪಾಯ ಯಾರಾದರೂ ಮಾಡಿ ನೋಡಿದ್ದರೆ ಹೇಳಿ.